ಪಾದ್ರಿಯಾಗಲು ಹೋದ ಹೆಂಡತಿ, ಪ್ರಾರ್ಥನೆಗೆ ನಿಂತ ಗಂಡ

ನನ್ನ ಹೆಂಡತಿ ಪಾದ್ರಿಯಾಗಲು ಓದಲು ಹೋಗುತ್ತಾಳೆ ಎಂದಾಗ ಜನ ಕೇಳಿದ ಮೊದಲ ಪ್ರಶ್ನೆ ದೇವರ ಬಗ್ಗೆ ಇರಲಿಲ್ಲ, ಸಾರಿನ ಬಗ್ಗೆ ಇತ್ತು. "ಹಂಗಾರೆ ಮನ್ಯಗೆ ಅಡ್ಗಿ ಮಾಡುದ್ ಯಾರ್?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಮ್ಮಾಡಿಯಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಸಣ್ಣ ಹೋಟೆಲ್ ಇದೆ. ಬೆಳಿಗ್ಗೆ ಬನ್ಸು, ನೀರುದೋಸೆ, ಮಧ್ಯಾಹ್ನ ಮೀನೂಟ, ಸಂಜೆಗೆ ಗೋಳಿಬಜೆ. ಈ ಪ್ರಶ್ನೆ ಕೇಳುವವರಲ್ಲಿ ಅರ್ಧ ಜನ ನಾನು ಮಾಡಿದ ಬಂಗುಡೆ ಸಾರು ಉಂಡು, ಕೈ ತೊಳೆಯುತ್ತ ನಿಂತೇ ಕೇಳುತ್ತಿದ್ದರು. "ಈಗ ಉಂಡದ್ದ್ ಎಂತ ಮಾರಾಯ್ರೆ, ಆಕಾಶದಿಂದ ಬಿದ್ದದ್ದಾ?" ಎಂದರೆ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ನಮ್ಮದು ಸಣ್ಣ ಸಭೆ. ಬೇರೆಯವರು ಚರ್ಚು ಎನ್ನುತ್ತಾರೆ, ನಾವು ಸಭೆ ಎನ್ನುತ್ತೇವೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅಲ್ಲೊಂದು ಇಲ್ಲೊಂದು ಎಂದು ಚದುರಿಹೋದ ಮನೆಗಳು, ಭಾನುವಾರ ಕುಂದಾಪುರಕ್ಕೆ ಬಂದು ಸೇರುತ್ತವೆ. ಪಾದ್ರಿಗಳನ್ನು ಅಯ್ಯನವರು ಎಂದೂ ಅವರ ಹೆಂಡತಿಯನ್ನು ಅಮ್ಮನವರು ಎಂದೂ ಕರೆಯುವುದು ವಾಡಿಕೆ. ನಮ್ಮಲ್ಲಿ ಹೆಂಗಸರು ಪಾದ್ರಿಯಾಗಬಾರದು ಎಂದೇನೂ ಇಲ್ಲ. ತೆಂಕಲಾಗಿ ಹೋದರೆ ಕೆಲವರಿದ್ದಾರೆ ಕೂಡ. ಆದರೆ ನಮ್ಮ ಸಭೆಯಿಂದ ಹೆಂಗಸೊಬ್ಬಳು, ಅದೂ ಎಂಟನೇ ಕ್ಲಾಸಿನ ಮಗಳಿರುವ ತಾಯಿ, ಹೀಗೆ ಎದ್ದು ಹೊರಟದ್ದನ್ನು ಯಾರೂ ಕಂಡಿರಲಿಲ್ಲ.

ಅವಳು ಕೋಟದ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಭಾನುವಾರ ಸಭೆಯ ಮಕ್ಕಳಿಗೂ ಅವಳದೇ ಪಾಠ. ಯಾರಿಗೆ ಹುಷಾರಿಲ್ಲ ಎಂದರೂ ಬಸ್ಸು ಹತ್ತಿ ಹೋಗಿ ಮಂಚದ ಬದಿಗೆ ಕೂತು ಬರುತ್ತಿದ್ದಳು. ಅಯ್ಯನವರ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಅವಳು ಆಗಲೇ ಮಾಡುತ್ತಿದ್ದಳು, ನಿಲುವಂಗಿಯೊಂದು ಇರಲಿಲ್ಲ ಅಷ್ಟೆ. ಒಂದು ದಿನ ಹೋಟೆಲಿಗೆ ಬಂದು, ಗಿರಾಕಿ ಇಲ್ಲದ ಹೊತ್ತು ನೋಡಿ, "ನಂಗೆ ದೇವ್ರ ಕರೆ ಬಂದಂಗ್ ಆತಿತ್ತ್. ಓದುಕ್ ಹೋಯ್ಕ್ ಅಂದೇಳಿ ಕಾಣತ್ತ್" ಎಂದಳು. ನಾನು ಬಾಣಲೆಯಿಂದ ಗೋಳಿಬಜೆ ಎತ್ತುತ್ತಿದ್ದೆ. "ಹೋಗ್" ಎಂದೆ. ಅವಳು ಒಂದು ವರ್ಷದಿಂದ ಹೆದರಿ ಇಟ್ಟುಕೊಂಡಿದ್ದ ಮಾತಿಗೆ ನನ್ನ ಉತ್ತರ ಅಷ್ಟು ಬೇಗ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಹೋಗಲು ಸಭೆಯ ಕಮಿಟಿಯ ಒಪ್ಪಿಗೆ ಬೇಕಿತ್ತು. ಕಮಿಟಿಯಲ್ಲಿ ನನ್ನ ಸ್ವಂತ ಅಣ್ಣ ಇದ್ದಾನೆ. ಕುಂದಾಪುರ ಪೇಟೆಯಲ್ಲಿ ಅವನಿಗೆ ಹಾರ್ಡ್‌ವೇರ್ ಅಂಗಡಿ. ಸಭೆಯಲ್ಲಿ ಮುಂದಿನ ಬೆಂಚು, ಮನೆಯಲ್ಲಿ ಕೊನೆಯ ಮಾತು, ಎರಡೂ ಅವನದೇ. ಬೇಡ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. "ಹೋಯ್ಲಿ. ಮೊದ್ಲ್ ಕೆಲವ್ ವಾರ ಕಾಂಬ. ಮನಿ ಸರಿ ನಡೀಲಿಲ್ಲೆ ಅಂದ್ರೆ ಕಮಿಟಿ ಒಪ್ಪಿಗಿ ವಾಪಸ್ ತಕಂತ್" ಎಂದ. ಸಭೆ ಒಪ್ಪಿಗೆ ಹಿಂತೆಗೆದರೆ ಕಾಲೇಜಿನವರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಅವಳ ಓದು ನನ್ನ ಅಡುಗೆಮನೆಯ ಮೇಲೆ, ಮಗಳ ಯೂನಿಫಾರ್ಮಿನ ಇಸ್ತ್ರಿಯ ಮೇಲೆ, ನನ್ನ ಅಮ್ಮನ ಮುಖದ ಗೆಲುವಿನ ಮೇಲೆ ನಿಂತಿತು. ಗಂಡಸರು ಓದಲು ಹೋದಾಗ ಇಂಥ ಲೆಕ್ಕ ಯಾರೂ ಹಾಕಿರಲಿಲ್ಲ. ನಾನು ಅದನ್ನು ಕಮಿಟಿಯ ಎದುರೇ ಹೇಳಿದೆ. "ನೀ ಸುಮ್ನಿರ್" ಎಂದ ಅಣ್ಣಯ್ಯ.

ಜೂನ್ ತಿಂಗಳು, ಮಳೆ ಹಿಡಿದಿತ್ತು. ನೀಲಿ ಬಣ್ಣದ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕಿಸಿ ಅವಳನ್ನು ಮಂಗಳೂರಿಗೆ ಕಳಿಸಿದೆ. ಅಲ್ಲಿನ ಹಾಸ್ಟೆಲಿನ ನಿಯಮದಂತೆ ಮೊದಲ ತಿಂಗಳು ಊರಿಗೆ ಬರುವಂತಿಲ್ಲ. ಸಂಜೆ ಸ್ವಲ್ಪ ಹೊತ್ತು ಫೋನು ಮಾಡಬಹುದು, ಅಷ್ಟೆ. ಮನೆಯಲ್ಲಿ ಉಳಿದವರು ಮೂರು ಜನ: ಕಣ್ಣು ಮಂಜಾದ ನನ್ನ ಅಮ್ಮ, ಮಗಳು, ನಾನು.

ಅಡುಗೆ ನನಗೆ ಕಷ್ಟವಾಗಲಿಲ್ಲ, ಆಗುವುದೂ ಇಲ್ಲ. ಕಷ್ಟವಾದದ್ದು ಓದುವುದು. ದಿನಾ ಸಂಜೆ ಅಮ್ಮನಿಗೆ ಬೈಬಲಿನ ಒಂದು ಅಧ್ಯಾಯ ಓದಿ ಹೇಳಬೇಕು. ಸೊಸೆ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದಳು. ನನ್ನ ಬಾಯಿ ಹೋಟೆಲಿನ ಬಾಯಿ. ಎರಡು ದಿನ ಕೇಳಿ ಮೂರನೇ ದಿನ ಅಮ್ಮ, "ಹ್ವಾ, ಅದ್ ದೇವ್ರ ವಾಕ್ಯವಾ, ಎರಡ್ ಪ್ಲೇಟ್ ಬನ್ಸಾ? ಒಂದೇ ಉಸ್ರಿಗೆ ಕೂಗ್ತೆ ಅಲ್ದಾ?" ಎಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಓದುವುದು ಮಗಳ ಕೆಲಸವಾಯಿತು, ಅಮ್ಮನ ಗುಳಿಗೆ ನನ್ನ ಕೆಲಸವಾಯಿತು. ಹೀಗೆ ಒಂದೊಂದೇ ಜಾಗಕ್ಕೆ ಕೂತಿತು.

ಸಂಜೆ ಅವಳ ಫೋನು. "ಅತ್ತೆ ಉಂಡ್ರಾ?"

"ಉಂಡ್ರ್. ಎರಡ್ ಸಲ ಹಾಕ್ಸ್ಕಂಡ್ರ್."

"ಮಗಳ ಬಟ್ಟೆ ಒಣಗ್ತಾ? ಮಳೆ ಅಲ್ದಾ?"

"ಹೋಟ್ಲ್ ಒಲಿ ಮೇಲೆ ಹಗ್ಗ ಕಟ್ಟಿದೆ. ಚುರುಚುರು ಒಣಗತ್ತ್."

"ನಿಮ್ಗೆ ತೊಂದ್ರಿ ಆತಿಲ್ಯಾ?"

"ನಂಗೆಂತ ತೊಂದ್ರಿ? ಹೋಟ್ಲ್ ನಡ್ಸುವವ್ನಿಗೆ ಮನಿ ನಡ್ಸುಕ್ ಆತಿಲ್ಯಾ? ಇಲ್ಲಿ ಎಲ್ಲ ಸರಿ ಇತ್ತ್. ನೀ ಓದ್."

ಅವಳ ಸುದ್ದಿಯೂ ಇರುತ್ತಿತ್ತು. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಅಕ್ಷರ, ಈ ವಯಸ್ಸಿಗೆ ಮತ್ತೆ ಒಂದನೇ ಕ್ಲಾಸು ಎಂದು ನಗುತ್ತಿದ್ದಳು. ಕ್ಲಾಸಿನಲ್ಲಿ ಉಳಿದವರೆಲ್ಲ ಅವಳ ಹಳೆ ವಿದ್ಯಾರ್ಥಿಗಳ ಪ್ರಾಯದವರು. ಅವಳನ್ನು ಆಂಟಿ ಎನ್ನುತ್ತಾರಂತೆ. ದಿನ ಹೋದ ಹಾಗೆ ಅವಳ ನಗು ಕಮ್ಮಿಯಾಯಿತು. ನಾನು 'ಎಲ್ಲ ಸರಿ ಇತ್ತ್' ಎಂದಾಗಲೆಲ್ಲ ಆಚೆ ಕಡೆ ಒಂದು ಗಳಿಗೆ ಮಾತಿರುತ್ತಿರಲಿಲ್ಲ. ಸಮಾಧಾನವಾಗಿರಬೇಕು ಎಂದುಕೊಂಡು ನಾನು ಇನ್ನೂ ಜೋರಾಗಿ, ಇನ್ನೂ ಗೆಲುವಾಗಿ ಹೇಳುತ್ತಿದ್ದೆ. ನನ್ನ ಹಟ ಅದೇ ಆಗಿತ್ತು. ಈ ಮನೆಯಿಂದ 'ಅಯ್ಯೋ' ಎಂಬ ಒಂದು ಶಬ್ದ ಹೊರಗೆ ಹೋಗಬಾರದು.

ನಮ್ಮ ಮನೆಯಲ್ಲಿ ಸರಿಯಿಲ್ಲದೆ ಇದ್ದದ್ದು ಒಂದೇ, ಮಗಳ ಜಡೆ. ಸೊಂಟದವರೆಗಿನ ಕೂದಲು, ಶಾಲೆಗೆ ರಿಬ್ಬನ್ನು ಕಟ್ಟಿದ ಎರಡು ಜಡೆ ಬೇಕು. ನಾನು ಹಾಕಿದ ಜಡೆ ಬೋಟು ಕಟ್ಟುವ ಹಗ್ಗದ ಹಾಗೆ ಬರುತ್ತಿತ್ತು, ಮೊದಲ ಪೀರಿಯಡ್ಡಿಗೇ ಬಿಚ್ಚಿ ಹೋಗುತ್ತಿತ್ತು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ತಾನೇ ಹಾಕಿಕೊಳ್ಳಲು ಹೋಗಿ ಹುಡುಗಿ ಎರಡು ಸಲ ಬಸ್ಸು ತಪ್ಪಿಸಿಕೊಂಡಳು. ಒಂದು ಶನಿವಾರ, "ಅಪ್ಪಾ, ಇದನ್ ಕತ್ರ್‌ಸುವನಾ?" ಎಂದು ಕೇಳಿದಳು.

"ಬೇಜಾರ್ ಆತಿಲ್ಯಾ ನಿಂಗೆ?"

"ಒದ್ದಿ ತಲಿ ಹೊತ್ಕಂಡ್ ಶಾಲಿಗ್ ಹೋಪುದೇ ಬೇಜಾರ್."

"ಹಂಗಾರೆ ಹೋಪ" ಎಂದೆ. ಕುಂದಾಪುರದ ಪಾರ್ಲರಿನಲ್ಲಿ ಕಿವಿಯ ಕೆಳಗಿನವರೆಗೆ ಕತ್ತರಿಸಿದರು. ಹುಡುಗಿ ಕನ್ನಡಿಯ ಎದುರು ತಲೆ ಆಚೀಚೆ ಕೊಡವಿ ನಕ್ಕಳು. ನನಗೂ ಲಾಯ್ಕ ಕಂಡಿತು.

ಭಾನುವಾರ ಸಭೆಯಲ್ಲಿ ತಲೆಗಳು ತಿರುಗಿದವು. ಆರಾಧನೆ ಮುಗಿದು ಹೊರಗೆ ಕೊಡೆ ಬಿಡಿಸುವಾಗ ಅಣ್ಣಯ್ಯ ಹತ್ತಿರ ಬಂದ. "ಎಂತ ಅವತಾರ ಇದ್? ಅಬ್ಬಿ ಇಲ್ದಿದ್ ಮಕ್ಕಳ ಹಂಗ್ ಮಾಡ್ದ್ಯಲೆ ಹುಡ್ಗಿನ!"

"ಅವ್ಳಬ್ಬಿ ಸತ್ತಿಲ್ಲೆ ಅಣ್ಣಯ್ಯ, ಓದುಕ್ ಹೋದದ್ದ್."

"ಈ ಶುಕ್ರವಾರ ಪ್ರಾರ್ಥನೆ ನಿಮ್ಮನಿ ಸರದಿ, ನೆನ್ಪಿತ್ತಾ? ಎಲ್ರೂ ಬತ್ರ್. ಮನಿ ಹ್ಯಾಂಗಿತ್ತ್ ಅಂದೇಳಿ ಎಲ್ರೂ ಕಾಂತ್ರ್. ಮನಿಯವ್ರ ಪ್ರಾರ್ಥನೆ ಯಾರ್ ಮಾಡುದ್? ನಿನ್ನ್ ಎಣ್ಣಿ ಬಾಣಲೆಯಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಶುಕ್ರವಾರ ಸಂಜೆ ನಮ್ಮ ಸಭೆಯವರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಮೊದಲು ಒಂದು ಗೀತೆ, ಆಮೇಲೆ ಆ ಮನೆಯವರೊಬ್ಬರು ಎದ್ದು ನಿಂತು ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡಬೇಕು. ಉಳಿದವರೆಲ್ಲ ಕಣ್ಣು ಮುಚ್ಚಿ ತಲೆ ತಗ್ಗಿಸಿರುತ್ತಾರೆ. ಕೊನೆಗೆ ಎಲ್ಲರೂ ಆಮೆನ್ ಎನ್ನುತ್ತಾರೆ. ಅಂದರೆ ಹೇಳಿದ್ದಕ್ಕೆಲ್ಲ ನನ್ನದೂ ಒಪ್ಪಿಗೆ, ಹಾಗೆಯೇ ಆಗಲಿ ಎಂದು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಎದ್ದು ನಿಂತವಳು ಯಾವಾಗಲೂ ಅವಳು. ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಚಾ, ತಿಂಡಿ ಮಾಡುತ್ತಿದ್ದೆ. ಜನರೆದುರು ದೇವರ ಹತ್ತಿರ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ ಎಂದು ಅಣ್ಣಯ್ಯನಿಗೆ ಚೆನ್ನಾಗಿ ಗೊತ್ತು. ಪ್ರಾರ್ಥನೆ ಮಾಡಲು ಜನವಿಲ್ಲದ ಮನೆ ಎಂದಾದರೆ ಕಮಿಟಿಗೆ ಬೇರೆ ಕಾರಣವೇ ಬೇಡ. "ನಾ ಮಾಡ್ತೆ" ಎಂದುಬಿಟ್ಟೆ. ಅವನು ನಕ್ಕು ಕಾರು ಹತ್ತಿದ.

ಆ ವಾರವಿಡೀ ತಲ್ಲೂರಿನ ಮನೆಯಿಂದ ಹೆಮ್ಮಾಡಿಯ ಹೋಟೆಲಿಗೆ ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ಟಿನೊಳಗೆ ಪ್ರಾರ್ಥನೆ ಅಭ್ಯಾಸ ಮಾಡಿದೆ. 'ಪರಲೋಕದಲ್ಲಿರುವ ಕೃಪಾಳುವಾದ ತಂದೆಯೇ' ಎಂಬಲ್ಲಿಯವರೆಗೆ ಸರಾಗ, ಅಲ್ಲಿಂದ ಮುಂದೆ ಏನೂ ಇಲ್ಲ. ಉಳಿದವರ ಬಾಯಲ್ಲಿ ಆ ಪುಸ್ತಕದ ಕನ್ನಡ ಹೊಳೆಯ ನೀರಿನ ಹಾಗೆ ಬರುತ್ತದೆ. ನನಗೆ ಎರಡನೇ ವಾಕ್ಯಕ್ಕೇ ಉಸಿರು ಕಟ್ಟುತ್ತಿತ್ತು. ಥತ್ ಎಂದು ಸುಮ್ಮನಾಗುತ್ತಿದ್ದೆ.

ಶುಕ್ರವಾರ ಮಧ್ಯಾಹ್ನಕ್ಕೇ ಹೋಟೆಲ್ ಮುಚ್ಚಿ ಮನೆಗೆ ಬಂದೆ. ಹೋಟೆಲಿನ ಕುರ್ಚಿಗಳನ್ನು ತಂದು ಜಗಲಿಯಲ್ಲಿ ಹಾಕಿದೆ. ಗೋಳಿಬಜೆ ಕರಿಯುತ್ತಿದ್ದಾಗ ಗೇಟಿನ ಹತ್ತಿರ ರಿಕ್ಷಾ ನಿಂತ ಸದ್ದು. ಇಣುಕಿ ನೋಡಿದರೆ ಅವಳು. ರಿಕ್ಷಾದವನು ಹಿಂದಿನಿಂದ ನೀಲಿ ಪೆಟ್ಟಿಗೆ ಇಳಿಸುತ್ತಿದ್ದ.

ಎರಡು ದಿನಕ್ಕೆ ಬರುವವರು ಬ್ಯಾಗು ತರುತ್ತಾರೆ. ಪೆಟ್ಟಿಗೆ ತರುವವರು ತಿರುಗಿ ಹೋಗುವವರಲ್ಲ.

ಮಗಳು ಓಡಿ ಹೋಗಿ ಅವಳನ್ನು ಅಪ್ಪಿಕೊಂಡಳು. ಅವಳು ಹುಡುಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. "ತಲಿ ಬೋಳ್ಸಿದ್ರ್, ಮನಿ ಹಾಳಾಯ್ತ್, ಅತ್ತೆ ಅನ್ನ ಬಿಟ್ರ್ ಅಂದಿದ್ರ್ ಭಾವ ಫೋನಗೆ. ಇದ್ ಲಾಯ್ಕಿತ್ತಲೆ!" ಎಂದಳು. ಅನ್ನ ಬಿಟ್ಟ ಅಮ್ಮ ಜಗಲಿಯ ತುದಿಯಲ್ಲಿ ಕೂತು ಮೊದಲ ಎಣ್ಣೆಯ ಗೋಳಿಬಜೆ ಮುಗಿಸಿ ಎರಡನೆಯದಕ್ಕೆ ಕೈ ಚಾಚಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಭಾನುವಾರ ಕಾರು ಹತ್ತಿದವನು ಸೀದಾ ಇವಳಿಗೆ ಫೋನು ಮಾಡಿದ್ದಾನೆ!

"ಸುಳ್ಳ್ ಅಂದೇಳಿ ಈಗ ಕಂಡ್ಯಲ್ದಾ? ಮತ್ ಪೆಟ್ಟಿಗಿ ಎಂತಕ್ಕೆ?" ಎಂದೆ.

"ಸಾಕ್ ಅನ್ಸ್ತ್."

"ಸಾಕ್ ಅಂದ್ರೆ ಎಂತ?"

"ಸಾಕ್ ಅಂದ್ರೆ ಸಾಕ್. ಸೋಮವಾರದ ತನಕ ರಜೆ ಕೊಟ್ಟಿದ್ರ್. ಬಪ್ಪುದೂ ಬಿಡುದೂ ನಿಮ್ಮಿಷ್ಟ ಅಂದ್ರ್."

"ಪೆಟ್ಟಿಗಿ ಬಿಚ್ಚಿದ್ರೆ ಕಾಣ್ ಮತ್ತೆ" ಎಂದೆ. ಅವಳು ಅದನ್ನು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. ಇನ್ನೂ ನಾಲ್ಕು ಮಾತು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಜನ ಬರತೊಡಗಿದರು.

ಅಂದು ಅಯ್ಯನವರಿಗೆ ಬೈಂದೂರಿನಲ್ಲಿ ಒಂದು ಸಾವಿನ ಮನೆ. ಹಾಗಾಗಿ ಅಣ್ಣಯ್ಯನೇ ಮುಖ್ಯಸ್ಥ. ಎದುರಿನ ಕುರ್ಚಿಯಲ್ಲಿ ಕೂತವನ ಮುಖ ಅವಳು ಬಂದದ್ದು ನೋಡಿ ಅರಳಿತು. ಗೀತೆ ಮುಗಿಯಿತು. "ಇನ್ ಮನಿಯವ್ರ್ ಪ್ರಾರ್ಥನೆ ಮಾಡ್ಕ್" ಎಂದವನು ಅವಳ ಕಡೆ ತಿರುಗಿದ. "ನೀ ಬಂದದ್ದ್ ಒಳ್ಳೆದಾಯ್ತ್ ಮಾರಾಯ್ತಿ. ನೀನೇ ಮಾಡ್. ಅಂವ ಒಳ್ಗ್ ಹೋಯ್ ಚಾ ಕಾಣ್ಲಿ."

ಅವಳು ಅರ್ಧ ಎದ್ದಳು. ಹಾಗೆ ಎದ್ದು ಪ್ರಾರ್ಥನೆ ಮಾಡಿದರೆ ಎಲ್ಲ ಮುಗಿದ ಹಾಗೆ. ಅವಳಿಲ್ಲದೆ ಈ ಮನೆ ನಡೆಯುವುದಿಲ್ಲ ಎಂದು ಅಷ್ಟು ಜನರ ಎದುರು ಅವಳೇ ಮುದ್ರೆ ಒತ್ತಿದ ಹಾಗೆ.

"ಕೂಕೋ" ಎಂದೆ. "ಇವತ್ತ್ ನೀನ್ ನೆಂಟ್ರ್. ಈಗ ಈ ಮನ್ಯಗೆ ಇಪ್ಪುದ್ ನಾನ್. ನಾ ಮಾಡ್ತೆ."

ಎದ್ದು ನಿಂತೆ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. 'ಪರಲೋಕದಲ್ಲಿರುವ ಕೃಪಾಳುವಾದ ತಂದೆಯೇ' ಎಂದೆ. ಮುಂದೆ ಖಾಲಿ. ಕಳ್ಳನ ಹಾಗೆ ಒಂದು ಕಣ್ಣು ತೆರೆದು ನೋಡಿದೆ. ಅಣ್ಣಯ್ಯ ಕಣ್ಣು ಮುಚ್ಚಿ, ಕೈ ಜೋಡಿಸಿ ಕೂತಿದ್ದಾನೆ. ಆಗ ಹೊಳೆಯಿತು. ಕಮಿಟಿಯಲ್ಲಿ ನಾನು ಬಾಯಿ ತೆರೆದರೆ ಅಡ್ಡ ಬರುವ ಮನುಷ್ಯ ಈಗ ಅಡ್ಡ ಬರುವಂತಿಲ್ಲ! ಪ್ರಾರ್ಥನೆಯ ನಡುವೆ ಮಾತಾಡುವ ಪದ್ಧತಿ ನಮ್ಮಲ್ಲಿ ಯಾರಿಗೂ ಇಲ್ಲ. ಆಮೆನ್ ಎನ್ನುವವರೆಗೆ ಮಾತು ಪೂರಾ ನನ್ನದು.

"ದೇವ್ರೇ, ನಂಗೆ ಪುಸ್ತಕದ ಮಾತ್ ಬತ್ತಿಲ್ಲೆ. ನಿಂಗೆ ನಮ್ಮ್ ಮಾತೂ ಗೊತ್ತಾತ್ ಅಂದೇಳಿ ಶುರು ಮಾಡ್ತೆ" ಎಂದೆ. ಮಗಳು ಕಿಸಕ್ಕೆಂದಳು. ಅಮ್ಮ ಅವಳ ತೊಡೆ ಚಿವುಟಿದಳು.

"ಈ ಮನ್ಯಗೆ ಎಲ್ರೂ ಹೊಟ್ಟಿ ತುಂಬ ಉಂತ್ರ್. ಅಮ್ಮನ ಗುಳ್ಗಿ ಒಂದ್ ದಿನವೂ ತಪ್ಪಲಿಲ್ಲೆ. ಹುಡ್ಗಿ ಕೂದ್ಲ್ ಕತ್ರ್‌ಸದ್ದ್ ನಾನ್. ಅದ್ ಪಾಪ ಆರೆ ನನ್ನ್ ತಲಿ ಮೇಲ್ ಹಾಕ್, ಅವ್ಳಬ್ಬಿ ತಲಿ ಮೇಲೆ ಹಾಕೂದ್ ಬ್ಯಾಡ. ಫೋನ್ ಮಾಡಿ ಇಲ್ದಿದ್ದೆಲ್ಲ ಹೇಳುವವ್ರಿಗೆ ಒಳ್ಳೆ ಬುದ್ಧಿ ಕೊಡ್. ಹೆಸ್ರ್ ನಾ ಹೇಳುದಿಲ್ಲೆ, ನಿಂಗ್ ಗೊತ್ತಿತ್ತ್." ಯಾರೋ ಕೆಮ್ಮಿದರು. ಆ ಕೆಮ್ಮನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೇನೆ. "ಅವ್ರೂ ನಮ್ಮವ್ರೇ. ಅವ್ರ ಗಂಟ್ ನೋವ್ ಕಮ್ಮಿ ಮಾಡ್."

ನನಗೋ ಈಗ ತಡೆಯೇ ಇಲ್ಲ.

"ಇವ್ಳನ್ನ ಕರ್ದದ್ದ್ ನೀನ್. ಕಮಿಟಿ ಅಲ್ಲ. ಸಾಕ್, ಮನಿಗ್ ಹೋಗ್ ಅಂದೇಳಿ ಹೇಳುದಾರೂ ನೀನೇ ಹೇಳ್ಕ್. ಬೇರೆ ಯಾರ್ ಹೇಳ್ದ್ರೂ ನಾ ಕೇಂತಿಲ್ಲೆ. ಇವ್ಳ್ ಹೇಳ್ದ್ರೂ ಕೇಂತಿಲ್ಲೆ."

ಅಲ್ಲಿಗೆ ಮುಗಿಸಬಹುದಿತ್ತು. ಹೇಳಬೇಕಾದದ್ದೆಲ್ಲ ಹೇಳಿಯಾಗಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಇಷ್ಟು ದಿನ ಹೆದ್ದಾರಿಯ ಬದಿಯಲ್ಲಿ, ಫೋನಿನಲ್ಲಿ, ಸಭೆಯ ಅಂಗಳದಲ್ಲಿ ಬಿಗಿಹಿಡಿದು ನಿಂತದ್ದು ಎಲ್ಲಿಯೋ ಸಡಿಲಾಯಿತು.

"ಇನ್ನೊಂದ್ ಇತ್ತ್ ದೇವ್ರೇ. ಇವ್ಳಿಲ್ದೆ ನಂಗ್ ಆತಿಲ್ಲೆ. ಕೆಲ್ಸಕ್ಕಲ್ಲ. ಕೆಲ್ಸ ನಾ ಮಾಡ್ತೆ. ಹೋಟ್ಲಗೆ ಕೂಗಿ ಕೂಗಿ ಮನಿಗ್ ಬಂದ್ರೆ, ಅಷ್ಟ್ ಬೊಬ್ಬಿ ಹಾಕ್ಬೇಡಿ ಅಂಬವ್ರ್ ಯಾರೂ ಇಲ್ಲೆ. ಈಗೀಗ ಬೊಬ್ಬಿ ಹಾಕೂಕೂ ಮನ್ಸ್ ಬತ್ತಿಲ್ಲೆ. ಹಂಗಂದೇಳಿ ಇವ್ಳನ್ನ ಇಲ್ಲಿ ಇಟ್ಕಂಬುದ್ ಬ್ಯಾಡ. ಆತಿಲ್ದಿದ್ರೂ ನಾ ಮಾಡ್ಕಂತೆ. ಇಷ್ಟೇ ನನ್ನ್ ಪ್ರಾರ್ಥನೆ. ಇದಕ್ಕೆ ಒಪ್ಪಿಗಿ ಇದ್ದವ್ರ್ ಆಮೆನ್ ಹೇಳ್ಲಿ. ಇಲ್ದವ್ರ್ ಹೇಳುದ್ ಬ್ಯಾಡ, ಚಾ ಕುಡ್ದ್ ಹೋಯ್ಲಿ."

ಮೊದಲು ನನ್ನ ಅಮ್ಮ, ಇಡೀ ಕೇರಿಗೆ ಕೇಳುವ ಹಾಗೆ, "ಆಮೆನ್!" ಎಂದಳು. ಅವಳ ಹಿಂದೆ ಮಗಳು. ಹೆಂಗಸರ ಸಾಲಿನಿಂದ ಒಂದೊಂದಾಗಿ, ಆಮೇಲೆ ಗಂಡಸರು. ಎಲ್ಲ ತಣ್ಣಗಾದ ಮೇಲೆ, ತಾಯಿ ಹೇಳಿದ ಮೇಲೆ ಮಗ ಹೇಳದೆ ಇರುವುದು ಹೇಗೆ ಎಂದೋ ಏನೋ, ಅಣ್ಣಯ್ಯನ ಗಂಟಲೊಳಗಿನ ಆಮೆನ್ ಕೂಡ ಕೇಳಿತು. ಒಂದು ಸ್ವರ ಮಾತ್ರ ಬರಲಿಲ್ಲ.

ಕಣ್ಣು ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಪ್ರಾರ್ಥನೆಯಲ್ಲಿ ಅವಳು ಕಣ್ಣು ಮುಚ್ಚಿಯೇ ಇರಲಿಲ್ಲ ಎಂದು ಕಾಣುತ್ತದೆ. ಕೆನ್ನೆ ಒದ್ದೆಯಾಗಿತ್ತು.

"ನಾ ಬಂದದ್ದ್ ಕೂದ್ಲಿಗಲ್ಲ" ಎಂದಳು, ಅಷ್ಟು ಜನರ ಎದುರೇ. "ಭಾವ ಹೇಳ್ದ್ರ್ ಅಂದೇಳಿಯೂ ಅಲ್ಲ. ಅದೆಲ್ಲ ನಂಬುವಷ್ಟ್ ಬೆಪ್ಪಿ ಅಲ್ಲ ನಾನ್."

"ಮತ್ತೆಂತಕ್ಕೆ?"

"ದಿನಾ ಫೋನ್ ಮಾಡ್ದ್ರೆ ಎಲ್ಲ ಸರಿ ಇತ್ತ್, ಎಲ್ಲ ಸರಿ ಇತ್ತ್ ಅಂತ್ರಿ. ಅಲ್ಲಿ ಸಣ್ಣ್ ಸಣ್ಣ್ ಮಕ್ಕಳ ಎದ್ರ್ ನಂಗೆ ಒಂದಕ್ಷರ ಬತ್ತಿಲ್ಲೆ. ಇಲ್ಲಿ ನಾನಿಲ್ದಿದ್ರೂ ಯಾರಿಗೂ ಎಂತದೂ ಆತಿಲ್ಲೆ. ಅಲ್ಲೂ ಬ್ಯಾಡ, ಇಲ್ಲೂ ಬ್ಯಾಡ ಅಂದ್ರೆ ನಾ ಹ್ಯಾಂಗೆ ಓದುದ್? ಈಗ ಹೇಳ್ದ್ರ್ಯಲೆ, ಅದನ್ ಮೊದ್ಲ್ನೇ ದಿನವೇ ಹೇಳಿದ್ರೆ ನಾ ಅಲ್ಲೇ ಕೂಕಂಡ್ ಓದ್ತಿದ್ದೆ."

ನೀನು ಬೇಕು ಎಂದರೆ ಓಡಿ ಬಂದಾಳು ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಬೇಕು ಎಂಬ ಮಾತು ಕಿವಿಗೆ ಬೀಳದ್ದಕ್ಕೇ ಅವಳು ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದಳು.

ಇದೇ ಸಮಯ ಎಂದುಕೊಂಡು ಅಣ್ಣಯ್ಯ ಕುರ್ಚಿ ಹಿಂದೆ ಸರಿಸಿ ಎದ್ದ. "ಗಂಡ್ ಹೆಂಡ್ತಿ ಮಾತ್ ಆಮೇಲ್ ಆಡ್ಕಣಿ. ಈಗ ಕಮಿಟಿಗ್ ನಾ ಎಂತ ಹೇಳ್ಕ್? ಇವ್ಳ್ ವಾಪಸ್ ಬಂದ್ ಆಯ್ತ್ ಅಂದೇಳಿಯೇ ಹೇಳ್ಕಲ್ದಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. "ಒಂದ್ ಗಳಿಗಿ ನಿಲ್ಲಿ ಭಾವ. ಇವ್ರ ಪ್ರಾರ್ಥನೆಗೆ ನಾನಿನ್ನೂ ಒಪ್ಪಿಗಿ ಕೊಡ್ಲಿಲ್ಲೆ" ಎಂದಳು. ಆಮೇಲೆ, ಕಣ್ಣು ಮುಚ್ಚದೆ, ಅವನ ಮುಖವನ್ನೇ ನೇರ ನೋಡುತ್ತ, "ಆಮೆನ್" ಎಂದಳು.